ಗುಡ್ಡವನ್ನು ಇಳಿಸಿದವರು

ಕಸದ ಗುಡ್ಡವನ್ನು ತೆಗೆಯುತ್ತಾರಂತೆ ಎಂಬ ಸುದ್ದಿ ಬಂದ ದಿನ ಕಬ್ಬಿಣದಕ್ಕ ನಕ್ಕ ನಗೆಗೆ ಪಕ್ಕದ ಮನೆಯ ಬಾಗಿಲಲ್ಲಿ ಮಲಗಿದ್ದ ನಾಯಿ ಎದ್ದು ಕೂತಿತು.

"ತೆಗೀಲಿ, ತೆಗೀಲಿ. ಗುಡ್ಡ ಆದ್ಮೇಲೆ ಆಕಾಶಾನೂ ಇಳಿಸಿ ಒಗೆದು ಒಣಗಹಾಕಲಿ. ಅದೂ ಮಾಸಿ ಬಹಳ ದಿನ ಆಯ್ತು," ಅಂದಳು.

ಅವಳು ನಕ್ಕಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆ ಗುಡ್ಡದಲ್ಲಿ ಕಲ್ಲು ಮಣ್ಣು ಕಡಿಮೆ. ಊರಿನವರು ಉಂಡು ಬಿಟ್ಟಿದ್ದು, ಉಟ್ಟು ಹರಿದಿದ್ದು, ಒಡೆದು ಎಸೆದಿದ್ದು ಎಲ್ಲ ಸೇರಿ ಬೆಳೆದ ಗುಡ್ಡ ಅದು. ಅವಳು ಹುಟ್ಟುವ ಮೊದಲೇ ಮರದೆತ್ತರ ಇತ್ತಂತೆ. ಈಗ ಊರಿನಲ್ಲಿ ಅದಕ್ಕಿಂತ ಎತ್ತರದ ಕಟ್ಟಡವೇ ಇರಲಿಲ್ಲ. ಲಾರಿಗಳು ಸುತ್ತು ಹಾಕುತ್ತ ಹತ್ತಲು ಅದರ ಮೈಮೇಲೆಯೇ ರಸ್ತೆ ಇತ್ತು. ಒಳಗೆಲ್ಲೋ ಸದಾ ಬೆಂಕಿ. ಉರಿ ಕಾಣದು, ಹೊಗೆ ಮಾತ್ರ ಬಿರುಕುಗಳಿಂದ ಸಣ್ಣಗೆ ಏಳುತ್ತಿತ್ತು. ಬುಡದ ಬೀದಿಗೆ ಗುಡ್ಡದಡಿ ಎಂದೇ ಹೆಸರು. ಅಲ್ಲಿನವರು ಗೋಣಿಚೀಲ ಹೆಗಲಿಗೇರಿಸಿ ಲಾರಿಗಳ ಹಿಂದೆ ಹತ್ತುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಸರಕು: ಕೆಲವರಿಗೆ ಬಾಟಲಿ, ಕೆಲವರಿಗೆ ರಟ್ಟು. ಇವಳದು ಕಬ್ಬಿಣ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಕೋಲಿಗೆ ಕಟ್ಟಿಕೊಂಡು, ಕುರುಡರು ದಾರಿ ತಡವಿದಂತೆ ಕಸ ತಡವುತ್ತ ನಡೆಯುವಳು. ಹಾಗಾಗಿ ಊರಿಗೆಲ್ಲ ಕಬ್ಬಿಣದಕ್ಕ. ತಂದೆಗೆ ಮಾತ್ರ ಇನ್ನೂ "ಮಗೂ".

ಸುದ್ದಿ ಹುಟ್ಟಿದ್ದು ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ. ಅದು ಶ್ವಾಸಕೋಶದ ಆಸ್ಪತ್ರೆ. ಅದನ್ನು ನೋಡಿಕೊಳ್ಳುವ ಡಾಕ್ಟರಮ್ಮನ ತಂದೆಯ ಕಾಲದಲ್ಲಿ ಅವರ ಮನೆತನದ್ದು ಬಟ್ಟೆ ಗಿರಣಿ ಇತ್ತು. ಗಿರಣಿ ಮಾರಿದ ಮೇಲೆ ಬಂದದ್ದನ್ನೆಲ್ಲ ಡಾಕ್ಟರಮ್ಮನೂ ಅವರ ತಮ್ಮನೂ ಸೇರಿ ಒಂದು ಪ್ರತಿಷ್ಠಾನಕ್ಕೆ ಹಾಕಿ, ಅದರಿಂದ ಈ ಆಸ್ಪತ್ರೆ ನಡೆಸುತ್ತಿದ್ದರು. ಗುಡ್ಡದಡಿಯ ಮಕ್ಕಳು ಉಬ್ಬಸ ಬಂದಾಗಲೆಲ್ಲ ಅಲ್ಲಿಗೇ. ಗುಣವಾಗಿ ನಗುತ್ತ ಮನೆಗೆ ಹೋಗುವರು, ತಿಂಗಳು ತುಂಬುವುದರೊಳಗೆ ತಾಯಿಯ ಹೆಗಲ ಮೇಲೆ ಏದುಸಿರು ಬಿಡುತ್ತ ಮರಳುವರು. ಕಬ್ಬಿಣದಕ್ಕನ ಮಗಳೂ ಹಾಗೇ ಬೆಳೆದವಳು. ಆಸ್ಪತ್ರೆಯ ನರ್ಸುಗಳೆಲ್ಲ ಅವಳಿಗೆ ಚಿಕ್ಕಮ್ಮಂದಿರು.

ಕೂದಲು ಪೂರ್ತಿ ಬೆಳ್ಳಗಾದ ವಯಸ್ಸಿನಲ್ಲಿ ಡಾಕ್ಟರಮ್ಮ ಒಂದು ದಿನ ಪ್ರತಿಷ್ಠಾನದ ಸಭೆಯಲ್ಲಿ ಎದ್ದು ನಿಂತು ಹೇಳಿದರಂತೆ: "ನಾನು ಈ ಮಕ್ಕಳಿಗೆ ಕೊಡೋ ಔಷಧಿ ಅವರು ಬಸ್ಸಿಳಿಯೋ ಹೊತ್ತಿಗೇ ಕೆಲಸ ನಿಲ್ಲಿಸುತ್ತೆ. ಕಾಯಿಲೆ ಇರೋದು ಅವರ ಎದೇಲಲ್ಲ, ಗುಡ್ಡದಲ್ಲಿ. ಆಪರೇಷನ್ ಅಲ್ಲೇ ಆಗಬೇಕು."

ಮೇಜಿನ ಸುತ್ತ ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಸ್ಪತ್ರೆ ಕಟ್ಟುವುದು, ಬಾವಿ ತೋಡಿಸುವುದು, ಓದುವವರಿಗೆ ನೆರವಾಗುವುದು ಅವರಿಗೆ ಗೊತ್ತಿತ್ತು. ಗುಡ್ಡ ಇಳಿಸುವುದನ್ನು ಯಾರೂ ಕಂಡಿರಲಿಲ್ಲ. ನಗರಸಭೆಯವರು ಮಾತ್ರ, ಯಾರಾದರೂ ಮಾಡುವುದಾದರೆ ನಮ್ಮದೇನೂ ಅಡ್ಡಿಯಿಲ್ಲ ಎಂದು ಸಂತೋಷದಿಂದ ಒಪ್ಪಿದರು. ಬೇರೆ ಊರಿನಲ್ಲಿ ಇಂಥದ್ದೇ ಒಂದು ಸಣ್ಣ ಗುಡ್ಡವನ್ನು ಕರಗಿಸಿ ಅನುಭವವಿದ್ದ ಇಂಜಿನಿಯರ್ ಒಬ್ಬನನ್ನು ಪ್ರತಿಷ್ಠಾನ ಹುಡುಕಿ ಕರೆತಂದಿತು. ಬಂದ ದಿನ ಅವನು ಗುಡ್ಡದ ಬುಡದಲ್ಲಿ ಕತ್ತೆತ್ತಿ ನಿಂತು, "ಆಗುತ್ತೆ, ಆದ್ರೆ ಇದು ನನ್ನ ಜೊತೇಲಿ ವಯಸ್ಸಾಗೋ ಕೆಲಸ," ಅಂದನಂತೆ.

ಗುಡ್ಡದಡಿಯ ತಗಡಿನ ಚಪ್ಪರದ ಕೆಳಗೆ ಸಭೆ ಸೇರಿತು. ಇಂಜಿನಿಯರ್ ನಕ್ಷೆ ಹರಡಿ ವಿವರಿಸಿದ. ಗುಡ್ಡವನ್ನು ಮೇಲಿಂದ ಪದರ ಪದರವಾಗಿ ಬಿಚ್ಚುವುದು, ಸಾಲು ಸಾಲಾಗಿ ಹರವಿ ಒಣಗಿಸುವುದು, ಆಮೇಲೆ ಮನೆಯಷ್ಟು ದೊಡ್ಡ ತಿರುಗುವ ಜರಡಿಗೆ ಹಾಕುವುದು. ಮಣ್ಣು ಒಂದು ಕಡೆ, ಕಲ್ಲು ಒಂದು ಕಡೆ, ಪ್ಲಾಸ್ಟಿಕ್ಕು ಚಿಂದಿ ಇನ್ನೊಂದು ಕಡೆ. ಮಣ್ಣನ್ನು ಪರೀಕ್ಷಿಸಿ ಹಳೇ ಗುಂಡಿಗಳಿಗೆ, ಕಲ್ಲು ರಸ್ತೆಗೆ, ಉಳಿದದ್ದು ಉರುವಲಾಗಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೆ. ಬೀದಿಯ ಎಲ್ಲರಿಗೂ ಅಲ್ಲೇ ಕೆಲಸ, ಕೈಗವಸು, ಬೂಟು. ಗುಡ್ಡ ಮುಗಿದ ಮೇಲೂ ಊರಿನ ದಿನದ ಕಸ ವಿಂಗಡಿಸುವ ಕೇಂದ್ರ ಅವರ ಕೈಯಲ್ಲೇ.

"ಬೇಡ," ಅಂದಳು ಕಬ್ಬಿಣದಕ್ಕ. ಅವಳ ಹಿಂದೆ ಕೂತವರೂ ಅದನ್ನೇ ಅಂದರು.

ಕೆಲಸ ಕಾಯಂ ಎಂದು ಇಂಜಿನಿಯರ್ ಮತ್ತೆ ಹೇಳಿದ. ಅವರೂ ಮತ್ತೆ ಬೇಡ ಅಂದರು. ಮುಂದಿನ ವಾರದ ಸಭೆಯಲ್ಲೂ ಅದೇ ಆಯಿತು. "ಇವರಿಗೆ ಇನ್ನೇನು ಬೇಕಂತೆ?" ಎಂದು ಕಾರು ಹತ್ತುವಾಗ ಅವನು ಕೇಳಿದ. ಡಾಕ್ಟರಮ್ಮ ಬೀದಿಯ ಕೊನೆಯ ಮನೆಯ ಕಡೆ ನೋಡುತ್ತಿದ್ದರು. ಅಲ್ಲೊಬ್ಬ ಮುದುಕ ಬೀದಿಗೆ ಬೆನ್ನು ಹಾಕಿ, ಗುಡ್ಡಕ್ಕೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ. ಹಿಂದಿನ ಸಭೆಯ ದಿನವೂ ಅವನು ಹಾಗೇ ಕೂತಿದ್ದ.

ಮರುದಿನ ಬೆಳಿಗ್ಗೆ ಡಾಕ್ಟರಮ್ಮ ಒಬ್ಬರೇ ಬಂದರು. ಮುದುಕನ ಪಕ್ಕ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಕೂತರು. ಅವನು ಕಬ್ಬಿಣದಕ್ಕನ ಅಪ್ಪ. ಒಳಗಿನಿಂದ ಬಂದ ಮಗಳು ದಂಗಾಗಿ, ಕುರ್ಚಿ ತರಲು ಓಡಿದಳು. ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಅಪ್ಪನೇ ಕೂತಿದ್ದಾನೆಂದು ನೆನಪಾಗಿ ಅರ್ಧ ದಾರಿಯಲ್ಲಿ ನಿಂತಳು.

"ಏನ್ ನೋಡ್ತಿದೀರಿ, ಯಜಮಾನ್ರೇ?" ಡಾಕ್ಟರಮ್ಮ ಕೇಳಿದರು.

"ಮನೆ."

"ಯಾರ ಮನೆ?"

"ನಮ್ಮನೇನೇ," ಅಂದ ಮುದುಕ, ಗುಡ್ಡದ ಮೈ ತೋರಿಸಿ. ಅಲ್ಲಿ ಹೊಗೆಯೂ ಹರಿದ ಚೀಲಗಳೂ ಬಿಟ್ಟರೆ ಏನೂ ಇರಲಿಲ್ಲ.

ಮಿಕ್ಕಿದ್ದನ್ನು ಮಗಳು ಹೇಳಿದಳು. ಅವಳು ಹುಡುಗಿಯಾಗಿದ್ದಾಗ ಗುಡ್ಡದಡಿ ಇನ್ನೊಂದು ಸಾಲು ಉದ್ದವಿತ್ತು. ಅಪ್ಪ ನಗರಸಭೆಯ ಲಾರಿ ಓಡಿಸುತ್ತಿದ್ದ; ದಿನವೂ ಗುಡ್ಡದ ತಲೆಗೆ ಹತ್ತಿ ಕಸ ಸುರಿದು ಇಳಿಯುತ್ತಿದ್ದ. ಒಂದು ಮಳೆಗಾಲದ ಮಧ್ಯಾಹ್ನ ಅಮ್ಮ ಅವಳನ್ನು ನೀರಿಗೆ ಕಳಿಸಿದಳು. ಬೀದಿ ಕೊನೆಯ ನಲ್ಲಿಯಲ್ಲಿ ಕೊಡ ತುಂಬುತ್ತಿರುವಾಗ, ಯಾರೋ ದೊಡ್ಡ ಬಟ್ಟೆ ಹರಿದಂಥ ಸದ್ದು. ತಿರುಗಿ ನೋಡಿದರೆ ಮನೆಗಳ ಸಾಲಿಲ್ಲ. ಗುಡ್ಡ ಒಂದು ಹೆಜ್ಜೆ ಮುಂದೆ ಬಂದು ಕೂತಿತ್ತು. ಕೆಲವು ದಿನ ಅಗೆದರು. ಮತ್ತೆ ಮಳೆ ಬಂತು, ಮತ್ತೆ ಜಾರಿ ಆ ನಲ್ಲಿಯೂ ಹೂತುಹೋಯಿತು. ಅಗೆಯುವವರೇ ಸಿಕ್ಕಿಬೀಳುತ್ತಾರೆಂದು ನಿಲ್ಲಿಸಿದರು. ಮೇಲೆ ಮಣ್ಣು ಹರಡಿದರು. ವರ್ಷಗಳಾದ ಮೇಲೆ ಲಾರಿಗಳು ಅಲ್ಲೂ ಸುರಿಯತೊಡಗಿದವು. ಅಪ್ಪ ಅವತ್ತು ಕೀಲಿ ಒಪ್ಪಿಸಿ ಬಂದವನು ಮತ್ತೆ ಲಾರಿ ಮುಟ್ಟಲಿಲ್ಲ. ಬೇರೆ ಕಡೆ ಮನೆ ಕೊಡುತ್ತೇವೆಂದರೂ ಆ ಸಾಲಿನಲ್ಲಿ ಬದುಕುಳಿದ ಯಾರೂ ಬೀದಿ ಬಿಡಲಿಲ್ಲ.

"ನಿಮ್ಮ ಮಷೀನು ಬಾಯಿ ಹಾಕಿ ಎತ್ತಿ ಜರಡಿಗೆ ಸುರಿಯುತ್ತಲ್ಲ ಡಾಕ್ಟರಮ್ಮ," ಕಬ್ಬಿಣದಕ್ಕ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಅದರಲ್ಲಿ ನಮ್ಮಮ್ಮ ಬಂದ್ರೆ ಯಾವ ಕಡೆ ಬೀಳ್ತಾಳೆ? ಮಣ್ಣಿನ ಕಡೆಗಾ, ಕಲ್ಲಿನ ಕಡೆಗಾ?"

ಡಾಕ್ಟರಮ್ಮ ಕೈಯಲ್ಲಿದ್ದ ಚಹಾದ ಲೋಟ ನೆಲಕ್ಕಿಟ್ಟರು. "ಇದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಉತ್ತರ ಸಿಗೋವರೆಗೂ ಮಷೀನ್ ತರಲ್ಲ," ಎಂದು ಹೇಳಿ ಎದ್ದರು.

ಪ್ರತಿಷ್ಠಾನದಲ್ಲಿ ಇದು ಸುಲಭಕ್ಕೆ ಇತ್ಯರ್ಥವಾಗಲಿಲ್ಲ. ಡಾಕ್ಟರಮ್ಮನ ತಮ್ಮನೇ ಎದುರು ನಿಂತರು. ಅವರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ. "ಅಕ್ಕಾ, ನಾವಿರೋದು ಬದುಕಿರೋರಿಗೋಸ್ಕರ," ಅಂದರು.

"ಬದುಕಿರೋರೇ ಕಣೋ ಕೇಳ್ತಿರೋದು," ಅಂದರು ಅಕ್ಕ.

ಇಂಜಿನಿಯರನ ಆತಂಕ ಬೇರೆ. ಗುಡ್ಡದ ಆ ಮೈ ಒಮ್ಮೆ ಜಾರಿದ್ದು. ಅಡಿಯಲ್ಲಿ ನಿಂತು ಕೈಯಿಂದ ಅಗೆಯುವುದೆಂದರೆ ಮತ್ತೊಮ್ಮೆ ಜಾರಲು ಕರೆದಂತೆ. ಅವನು ಮುದುಕನನ್ನು ಜೊತೆಗೆ ಕರೆದುಕೊಂಡು ಬುಡದುದ್ದಕ್ಕೂ ನಡೆದ, ನಕ್ಷೆ ಹರಿದು ಹಾಕಿ ಬೇರೆ ಬರೆದ. ಕೊನೆಗೆ ಚಪ್ಪರದ ಕೆಳಗೆ ಬಂದು ನಿಂತು ಹೇಳಿದ: "ಹಿಂದಿನ ಕಡೆಯಿಂದ ಶುರು ಮಾಡ್ತೀವಿ. ಮೇಲಿನ ಭಾರ ಎಲ್ಲ ಮೊದಲು ಇಳಿಸ್ತೀವಿ. ಈ ಕಡೆ ಮೈಯನ್ನ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸ್ತಾ ಬಂದು ಕೊನೇಲಿ ನಿಮ್ಮ ಸಾಲಿಗೆ ಬರ್ತೀವಿ. ಅಲ್ಲಿ ಮಷೀನ್ ಇಲ್ಲ. ಕೈ ಮಾತ್ರ. ಎಲ್ಲಿ ಅಗೀಬೇಕು ಅಂತ ನೀವು ಹೇಳಿ, ನಿಮ್ಮ ತಲೆ ಮೇಲೆ ಬೀಳದ ಹಾಗೆ ನಾನು ನೋಡ್ಕೋತೀನಿ. ವರ್ಷಗಳು ಹಿಡಿಯುತ್ತೆ."

ಕಬ್ಬಿಣದಕ್ಕ ತಂದೆಯ ಕಡೆ ನೋಡಿದಳು. ಅವನು ಕುರ್ಚಿಯನ್ನು ಮೊದಲ ಸಲ ಬೀದಿಯ ಕಡೆಗೆ ತಿರುಗಿಸಿಕೊಂಡು ಕೂತಿದ್ದ. "ಆಗಲಿ," ಅಂದ.

ಮೊದಲ ದಿನ ಗುಡ್ಡದ ಹಿಂಭಾಗದಲ್ಲಿ ಯಂತ್ರದ ತೋಳು ಮೇಲೆದ್ದಾಗ ಇಡೀ ಗುಡ್ಡದಡಿ ಅಲ್ಲಿತ್ತು. ಅದಕ್ಕೂ ಮೊದಲು ಇಂಜಿನಿಯರ್ ಗುಡ್ಡದ ತುಂಬ ಕೊಳವೆಗಳನ್ನು ಇಳಿಸಿ ಒಳಗಿನ ಅನಿಲ ಹೊರಬಿಟ್ಟಿದ್ದ. "ನನ್ನ ಕೆಲಸಾನ ನೀವೇ ಮಾಡ್ತಿದೀರಲ್ರೀ," ಎಂದು ಡಾಕ್ಟರಮ್ಮ ತಮಾಷೆ ಮಾಡಿದ್ದರು, "ಉಸಿರಾಡೋಕೆ ನಳಿಗೆ ಹಾಕೋದು." ತೋಳು ಇಳಿದು ಗುಡ್ಡದ ಪಕ್ಕೆಯನ್ನು ಒಂದು ಹಿಡಿ ಕಿತ್ತಿತು. ಕಿತ್ತ ಜಾಗದಿಂದ ಬಿಳಿಯ ಹಬೆ ಭುಸ್ಸೆಂದು ಎದ್ದು ಬೆಳಗಿನ ಬಿಸಿಲಿನಲ್ಲಿ ಮೇಲೇರಿತು. ಗುಡ್ಡವೇ ಉಸಿರು ಬಿಟ್ಟ ಹಾಗೆ. ಜನ ಹೆಜ್ಜೆ ಹಿಂದೆ ಸರಿದರು. ಹಬೆ ಕರಗಿದ ಮೇಲೆ ಕಂಡ ಗೀರಿನಷ್ಟೇ ಪುಟ್ಟ ಗುರುತು ನೋಡಿ ಕಬ್ಬಿಣದಕ್ಕನಿಗೆ ಮತ್ತೆ ನಗು ಬಂತು. ಆನೆಯ ಮೈಮೇಲಿನ ಸೊಳ್ಳೆ ಕಡಿತ!

ಆದರೆ ಆ ಸೊಳ್ಳೆ ಬಿಡಲಿಲ್ಲ. ಮರುದಿನವೂ ಕಡಿಯಿತು. ಅದರ ಮರುದಿನವೂ. ಪದರುಗಳು ಬಿಚ್ಚಿಕೊಂಡು, ಉಳುಮೆಯ ಹೊಲದಂತೆ ಉದ್ದುದ್ದ ಸಾಲುಗಳಾಗಿ ಹರವಿಕೊಂಡು, ಮಗುಚಿಕೊಂಡು, ಒಣಗಿ ಜರಡಿಗೆ ಬಂದವು. ತಿರುಗುವ ಜರಡಿಯ ಮುಂದೆ ಕಬ್ಬಿಣದಕ್ಕ ಮೊದಲ ಸಲ ನಿಂತಾಗ ಅವಳ ಕೈ ತಾನಾಗಿ ಕೋಲನ್ನು ಕೆಳಗಿಟ್ಟಿತು. ಅವಳು ಆಯುಷ್ಯವಿಡೀ ಬಗ್ಗಿ ಬಗ್ಗಿ ಆಯ್ದಷ್ಟು ಕಬ್ಬಿಣ ಒಂದು ಬೆಳಿಗ್ಗೆಯಲ್ಲಿ ದೊಡ್ಡ ಅಯಸ್ಕಾಂತಕ್ಕೆ ಹಾರಿ ಹಾರಿ ಅಂಟಿಕೊಳ್ಳುತ್ತಿತ್ತು, ಕಾಳಿಗೆ ಪಾರಿವಾಳಗಳು ಮುತ್ತಿದ ಹಾಗೆ. "ನೋಡ್ರೇ, ನನ್ನ ಹೆಸರಿಗೇ ಕುತ್ತು ಬಂತು," ಎಂದು ಪಕ್ಕದವರಿಗೆ ಹೇಳಿದಳು. ಹೇಳುತ್ತಲೇ ಬಾಯಿ ತೆರೆದು ನೋಡುತ್ತ ನಿಂತಳು. ಕೆಲವೇ ದಿನಗಳಲ್ಲಿ ಜರಡಿಯ ಮೇಸ್ತ್ರಿಯಾಗಿ ಅವಳನ್ನೇ ನೇಮಿಸಿದರು. ಯಂತ್ರದ ಗದ್ದಲವನ್ನು ಮೀರುವ ಗಂಟಲು ಬೇರೆ ಯಾರಿಗೂ ಇರಲಿಲ್ಲವಂತೆ.

ಗುಡ್ಡ ಇಳಿದಂತೆಲ್ಲ ಕಾಲವೂ ಹಿಂದಕ್ಕೆ ಇಳಿಯಿತು. ಮೇಲಿನ ಪದರುಗಳಲ್ಲಿ ಮೊನ್ನೆ ಮೊನ್ನೆಯ ಮೊಬೈಲ್ ಕವಚಗಳು. ಅದರ ಕೆಳಗೆ ಸುರುಳಿ ಬಿಚ್ಚಿದ ಕ್ಯಾಸೆಟ್ಟುಗಳು. ಮತ್ತೂ ಕೆಳಗೆ, ಗಾಳಿಯಾಡದೆ ಒತ್ತಿಕೊಂಡಿದ್ದ ಪತ್ರಿಕೆಗಳು. ಅಕ್ಷರ ಇನ್ನೂ ಕಪ್ಪಗೆ, ಸತ್ತ ಮಂತ್ರಿಗಳು ಅದರಲ್ಲಿ ಇನ್ನೂ ಭರವಸೆ ಕೊಡುತ್ತಲೇ ಇದ್ದರು. "ಇದು ನಾನು ಬಸುರಿಯಾಗಿದ್ದಾಗಿನ ಕಸ," ಎಂದು ಒಬ್ಬಳು ಬಿಸ್ಕೆಟ್ಟಿನ ಹೊದಿಕೆಯೊಂದನ್ನು ಎತ್ತಿ ತೋರಿಸುವಳು, "ಆಗ ಇದೊಂದೇ ನಂಗೆ ಸೇರ್ತಿದ್ದಿದ್ದು." ಊರಿನವರು ಮರೆತೇ ಹೋಗಿದ್ದ ಊರು ಆ ಗುಡ್ಡದಲ್ಲಿ ಅಚ್ಚುಕಟ್ಟಾಗಿ ಮಡಚಿಟ್ಟಂತೆ ಇತ್ತು. ಕೆಲಸದ ನಡುವೆ ಕಬ್ಬಿಣದಕ್ಕ ಒಮ್ಮೊಮ್ಮೆ ಕತ್ತರಿಸಿದ ಮೈಯ ಮುಂದೆ ನಿಂತು, ಬಣ್ಣಬಣ್ಣದ ಪಟ್ಟೆಗಳನ್ನು ನೋಡುತ್ತ, ಇಷ್ಟೊಂದು ಜನ ಇಷ್ಟೊಂದು ದಿನ ಬದುಕಿದ್ದರಲ್ಲ ಎಂದು ಬೆರಗಾಗುತ್ತಿದ್ದಳು.

ಎಲ್ಲವೂ ನೆಟ್ಟಗೆ ನಡೆಯಿತೆಂದಲ್ಲ. ಒಂದು ಬೇಸಿಗೆ ಒಳಗಿನ ಬೆಂಕಿ ಹೊರಗೆ ಬಾಯಿ ಬಿಟ್ಟು, ವಾರಗಟ್ಟಲೆ ಎಲ್ಲರೂ ನೀರು ಮಣ್ಣು ಸುರಿಯುವುದೇ ಆಯಿತು. ಒಂದು ಮಳೆಗಾಲ ಕಸದಿಂದ ಬಸಿದ ಕಪ್ಪು ನೀರು ಬೀದಿಗೆ ನುಗ್ಗಿತು. ಪ್ರತಿಷ್ಠಾನದವರು ಕಾಲುವೆ ತೋಡಿಸಿ ಅದನ್ನು ಹಿಡಿದು ಶುದ್ಧ ಮಾಡುವ ತೊಟ್ಟಿ ಕಟ್ಟಿಸಬೇಕಾಯಿತು. ಡಾಕ್ಟರಮ್ಮನ ತಮ್ಮ ಪ್ರತಿ ಸಲ ಬಂದಾಗಲೂ ಹಣೆ ಗಂಟು ಹಾಕಿಕೊಂಡೇ ಬರುತ್ತಿದ್ದರು, ಆದರೆ ಬರುವುದನ್ನು ನಿಲ್ಲಿಸಲಿಲ್ಲ. ಇಂಜಿನಿಯರನ ಮೀಸೆಯಲ್ಲಿ ಬಿಳಿ ಕಾಣಿಸಿಕೊಂಡಿತು.

ಕೊನೆಗೊಂದು ಚಳಿಗಾಲ, ಮಳೆಯೆಲ್ಲ ಮುಗಿದು ನೆಲ ಒಣಗಿದ ಮೇಲೆ, ಹಳೇ ಸಾಲಿನ ಸರದಿ ಬಂತು. ಆ ವೇಳೆಗೆ ಗುಡ್ಡದಲ್ಲಿ ಉಳಿದದ್ದು ಆ ಒಂದು ಮೈ, ಅಗಲವಾದ ಮೆಟ್ಟಿಲುಗಳಾಗಿ ಕತ್ತರಿಸಿ ನಿಂತದ್ದು. ಇಂಜಿನಿಯರ್ ಯಂತ್ರಗಳನ್ನೆಲ್ಲ ಆಚೆ ಕಡೆಗೆ ಕಳಿಸಿ ಎಂಜಿನ್ ಆರಿಸಲು ಹೇಳಿದ. ವರ್ಷಗಳ ನಂತರ ಗುಡ್ಡದಡಿಯಲ್ಲಿ ಸದ್ದು ನಿಂತಿತು.

ಕಬ್ಬಿಣದಕ್ಕ ಎಣಿಸಿದ್ದು, ಆ ಸಾಲಿನ ಮನೆಯವರಷ್ಟೇ ಅಗೆಯಲು ಬರುತ್ತಾರೆಂದು. ಬೆಳಿಗ್ಗೆ ಬುಟ್ಟಿ ಹಿಡಿದು ಹೊರಗೆ ಬಂದರೆ ಬೀದಿ ತುಂಬಿತ್ತು. ಆಸ್ಪತ್ರೆಯ ನರ್ಸುಗಳು ರಾತ್ರಿ ಪಾಳಿ ಮುಗಿಸಿ ಹಾಗೇ ಬಂದಿದ್ದರು. ನಗರಸಭೆಯ ಲಾರಿ ಡ್ರೈವರುಗಳು, ಈಗಿನವರೂ ನಿವೃತ್ತರಾದವರೂ, ಒಂದು ಗುಂಪಾಗಿ ನಿಂತಿದ್ದರು. ಉಬ್ಬಸದ ಮಕ್ಕಳಾಗಿ ಆಸ್ಪತ್ರೆ ಕಂಡವರು ಈಗ ಎತ್ತರದ ಆಳುಗಳಾಗಿ ಬಂದಿದ್ದರು. ಅವಳ ಮಗಳೂ ಅವರಲ್ಲಿದ್ದಳು. ಸಾಲಿನ ನಡುವೆ, ಪ್ಯಾಂಟು ಮಡಚಿ ಬುಟ್ಟಿ ಹಿಡಿದು, ಡಾಕ್ಟರಮ್ಮನ ತಮ್ಮ.

"ಸಾಹೇಬ್ರೇ, ನೀವೂನಾ?" ಅಂದಳು ಕಬ್ಬಿಣದಕ್ಕ.

"ಅಕ್ಕ ಬೈದಳು, ಬಂದೆ," ಅಂದರು ಅವರು. ಡಾಕ್ಟರಮ್ಮ ಅಷ್ಟು ದೂರದಲ್ಲಿ ಕೂತಿದ್ದವರು, "ನಾನೇನೂ ಬೈದಿಲ್ಲಪ್ಪ," ಎಂದು ಕೂಗಿ ಹೇಳಿದರು. ಜನ ನಕ್ಕರು. ನಗು ಮುಗಿಯುವ ಮೊದಲೇ ಬುಟ್ಟಿಗಳು ಕೈಯಿಂದ ಕೈಗೆ ಸಾಗತೊಡಗಿದವು.

ದಿನಗಟ್ಟಲೆ ಅಗೆದರು. ಬೆರಳಿನಿಂದ ಬಿಡಿಸಿ, ಕುಂಚದಿಂದ ಒರೆಸಿ. ಮೊದಲು ಸಿಕ್ಕಿದ್ದು ಬೀದಿ ಕೊನೆಯ ನಲ್ಲಿಯ ಕಟ್ಟೆ. ಮುದುಕನನ್ನು ಕುರ್ಚಿಯ ಸಮೇತ ಎತ್ತಿ ತಂದರು. ಅವನು ಕಣ್ಣು ಕಿರಿದು ಮಾಡಿ ನೋಡಿ, "ಇದು ನಲ್ಲಿ. ಇಲ್ಲಿಂದ ದರ್ಜಿ ಮನೆ, ಆಮೇಲೆ ಬಡಗಿ ಮನೆ, ಆಮೇಲೆ ನಮ್ಮದು," ಅಂದ. ಗೋಡೆಗಳು ಮೊಣಕಾಲೆತ್ತರಕ್ಕೆ ಕುಸಿದು ಕೂತಿದ್ದವು. ಬಾಗಿಲುಗಳ ಜಾಗ ಮಾತ್ರ ಇನ್ನೂ ಬಾಗಿಲುಗಳ ಜಾಗವೇ ಆಗಿತ್ತು. ದರ್ಜಿಯ ಮನೆಯವರಿಗೆ ಅವರ ಅಜ್ಜ ಸಿಕ್ಕಿದ. ಅಂಥ ಪ್ರತಿ ಸಲವೂ ಕೆಲಸ ನಿಲ್ಲುವುದು, ಪೊಲೀಸರೂ ಸರ್ಕಾರಿ ವೈದ್ಯರೂ ಬಂದು ತಮ್ಮ ಕೆಲಸ ಮುಗಿಸುವುದು, ಆಮೇಲೆ ಬಿಳಿ ಬಟ್ಟೆಯಲ್ಲಿ ಎತ್ತಿಕೊಳ್ಳುವುದು. ಯಾರೂ ಜೋರಾಗಿ ಅಳಲಿಲ್ಲ. ಅಳುವುದಕ್ಕಿಂತ ದೊಡ್ಡದೇನೋ ಅಲ್ಲಿತ್ತು.

ಮೂರನೆಯ ಮನೆಯ ತಗಡಿನ ಚಾವಣಿಯನ್ನು ಎತ್ತಿ ಪಕ್ಕಕ್ಕಿಟ್ಟ ಬೆಳಿಗ್ಗೆ ಕಬ್ಬಿಣದಕ್ಕ ಒಳಗಿಳಿದಳು. ಮಣ್ಣು ಕೆರೆಯುತ್ತ ಕೆರೆಯುತ್ತ ಅವಳ ಕೈಗೆ ನುಣುಪಾದದ್ದೇನೋ ತಾಗಿತು. ಕುಡಿಯಲು ತಂದಿದ್ದ ಬಾಟಲಿಯ ನೀರನ್ನು ಅದರ ಮೇಲೆ ಸುರಿದು ತೋಳಿನಿಂದ ಒರೆಸಿದಳು. ಒಂದು ತುಂಡು ನೀಲಿ. ಅದರ ಪಕ್ಕ ಇನ್ನೊಂದು ನೀಲಿ, ಸ್ವಲ್ಪ ಕಡು. ಆಮೇಲೆ ಹಸಿರು.

"ಅಪ್ಪಾ," ಎಂದು ಕರೆದಳು. ಮತ್ತೆ ಕರೆದಳು.

ಮುದುಕ ಅಂಚಿಗೆ ಬಂದು ನೋಡಿದ. "ನೀರು ತನ್ನಿ," ಅಂದ. "ನೀರು ತನ್ರೋ, ಸುಮ್ನೆ ನಿಂತ್ರೆ!"

ಈಗಿನ ಬೀದಿಯ ನಲ್ಲಿಯಿಂದ ಕೊಡಗಳು ಕೈಯಿಂದ ಕೈಗೆ ಬಂದವು. ಒಳಗಿದ್ದವರು ಮಂಡಿಯೂರಿ ತೊಳೆದರು. ಅಂಗೈಯಗಲ, ಮೊರದಗಲ, ಕೋಣೆಯಗಲ. ಒಡೆದ ತಟ್ಟೆ, ಬಿರಿದ ಬಟ್ಟಲು, ಗೋಡೆಗೆ ಅಂಟಿಸುವ ಹಂಚಿನ ಚೂರು, ಎಲ್ಲವನ್ನೂ ಸಿಮೆಂಟಿನಲ್ಲಿ ಕೂರಿಸಿ ಮಾಡಿದ ನೆಲ. ಆ ನೆಲದ ತುಂಬ ಒಂದು ಮೀನು. ಗೋಡೆಯಿಂದ ಗೋಡೆಗೆ ಉದ್ದ, ಮೈಯೆಲ್ಲ ನೀಲಿ ಹಸಿರು ಹುರುಪೆ, ಬಿಳಿ ಬಸಿಯ ಚೂರಿನ ಕಣ್ಣು. ಇಡೀ ಊರಿನ ಭಾರ ಇಷ್ಟು ವರ್ಷ ಮೇಲೆ ಕೂತಿದ್ದರೂ ಒಂದು ತುಂಡೂ ಕದಲಿರಲಿಲ್ಲ. ಬಿಸಿಲು ಬಿದ್ದೊಡನೆ ಒದ್ದೆ ಮೈ ಝಗ್ಗೆಂದಿತು. ಈಗಷ್ಟೇ ನೀರಿನಿಂದ ಎದ್ದ ಹಾಗೆ.

ಮೇಲಿನ ಮೆಟ್ಟಿಲುಗಳ ತುಂಬ ನಿಂತಿದ್ದ ಜನ ಅಂಚಿಗೆ ಸರಿದು ಬಗ್ಗಿ ನೋಡಿದರು. ಡ್ರೈವರುಗಳು ಟೋಪಿ ತೆಗೆದರು. ಇಂಜಿನಿಯರ್ ಕೆಳಗಿಳಿದು ಬಂದು, ನೆಲಕ್ಕೆ ಕೈ ತಾಗಿಸಲೋ ಬೇಡವೋ ಎನ್ನುವಂತೆ ಬಗ್ಗಿ ಹಾಗೇ ಕೂತುಬಿಟ್ಟ. "ಯಾರು ಮಾಡಿದ್ದು ಇದನ್ನ?" ಎಂದು ಕೇಳಿದ, ಪಿಸುಮಾತಿನಲ್ಲಿ.

"ಅವಳು," ಅಂದ ಮುದುಕ. "ನಾನು ಲಾರೀಲಿ ಬಂದ ಒಡೆದ ಸಾಮಾನು ತಂದು ಕೊಡ್ತಿದ್ದೆ. ಇವಳು ಹೊಟ್ಟೇಲಿದ್ಳು. ಹೆರಿಗೆ ಆಗೋದ್ರೊಳಗೆ ಮುಗಿಸ್ತೀನಿ ಅಂತ ಹಠ. ಮೀನಿನ ತಲೆ ಹತ್ರ ಯಾರೂ ಮಲಗೋ ಹಾಗಿರಲಿಲ್ಲ ನಮ್ಮನೇಲಿ. ಅದಕ್ಕೆ ಉಸಿರು ಕಟ್ಟುತ್ತಂತೆ."

ಕಬ್ಬಿಣದಕ್ಕನಿಗೆ ತಾನು ಮೀನಿನ ಹೊಟ್ಟೆಯ ಮೇಲೆ ಕೆನ್ನೆಯಿಟ್ಟು ಮಲಗುತ್ತಿದ್ದುದು, ಬೇಸಿಗೆಯಲ್ಲಿ ಅದು ತಣ್ಣಗಿರುತ್ತಿದ್ದುದು ಒಮ್ಮೆಲೇ ನೆನಪಿಗೆ ಬಂತು. ಅಮ್ಮನ ಮುಖ ಅವಳಿಗೆ ವರ್ಷಗಳಿಂದ ಮಸುಕಾಗಿತ್ತು. ಅಮ್ಮನ ಕೈ ಈಗ ಕಣ್ಣ ಮುಂದೆಯೇ ಇತ್ತು. ಪ್ರತಿ ಚೂರನ್ನೂ ಒತ್ತಿ ಕೂರಿಸಿದ ಹೆಬ್ಬೆರಳಿನ ಗುರುತು ಕೆಲವು ಕಡೆ ಸಿಮೆಂಟಿನಲ್ಲಿ ಹಾಗೇ ಉಳಿದಿತ್ತು. ಅದರೊಳಗೆ ತನ್ನ ಹೆಬ್ಬೆರಳಿಟ್ಟು ನೋಡಿದಳು.

ಅಮ್ಮ ಬಾಲದ ಕಡೆಯ ಮೂಲೆಯಲ್ಲಿ, ಒಲೆಯ ಪಕ್ಕ ಸಿಕ್ಕಿದಳು. ಡಾಕ್ಟರಮ್ಮ ತಾವೇ ಇಳಿದು ಬಂದು ಮಂಡಿಯೂರಿ, ಕಬ್ಬಿಣದಕ್ಕನ ಜೊತೆ ಅವಳನ್ನು ಬಿಳಿ ಬಟ್ಟೆಗೆ ಎತ್ತಿಕೊಂಡರು. ಮುದುಕ ಬಟ್ಟೆಯ ಗಂಟಿನ ಮೇಲೆ ಕೈಯಿಟ್ಟು, ನೀರಿಗೆ ಹೋದ ಮಗಳು ಸುಖವಾಗಿ ವಾಪಸ್ಸು ಬಂದಳೆಂದು ಹೇಳಿದ. ಅವಳಿಗೆ ಹೇಳಬೇಕೆಂದು ಇಷ್ಟು ಕಾಲ ಕಾದಿದ್ದ ಮಾತು ಅದೊಂದೇ.

ಆ ಸಾಲಿನಲ್ಲಿ ಒಂದು ಮನೆಯವರಿಗೆ ಮಾತ್ರ ಯಾರೂ ಸಿಗಲಿಲ್ಲ. ಇನ್ನು ಅಗೆಯಲು ಏನೂ ಉಳಿಯದ ಮೇಲೂ ಅವರಿಗಾಗಿ ಎಲ್ಲರೂ ಇನ್ನೊಂದು ವಾರ ಅಗೆದರು. ಸಿಕ್ಕವರನ್ನೆಲ್ಲ ಊರಿನ ಸ್ಮಶಾನದಲ್ಲಿ ಅಕ್ಕಪಕ್ಕದ ಮನೆಗಳ ಕ್ರಮದಲ್ಲೇ ಮಣ್ಣು ಮಾಡಿ, ಸಿಗದವರ ಮನೆಗೂ ಅದರ ಜಾಗ ಬಿಟ್ಟು, ಹೆಸರು ಬರೆದ ಕಲ್ಲು ನಿಲ್ಲಿಸಿದರು.

ಆಮೇಲೆ ಗುಡ್ಡ ಮುಗಿಯಲು ಹೆಚ್ಚು ಕಾಲ ಬೇಕಾಗಲಿಲ್ಲ. ಕೊನೆಯ ಬುಟ್ಟಿ ಯಾವ ದಿನ ಹೋಯಿತೆಂದು ಯಾರಿಗೂ ಸರಿಯಾಗಿ ನೆನಪಿಲ್ಲ. ಒಂದು ಬೆಳಿಗ್ಗೆ ನೋಡಿದರೆ ನೆಲ ನೆಲವಾಗಿತ್ತು, ಅಷ್ಟೇ. ಅದರ ಕೆಳಗಿನ ನೀರು ಇನ್ನೂ ಕುಡಿಯಲು ಬಾರದು. ಅದಕ್ಕೆ ಇನ್ನೊಂದು ತಲೆಮಾರು ಬೇಕಾಗಬಹುದೆಂದು ಇಂಜಿನಿಯರ್ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಪ್ರತಿಷ್ಠಾನದವರು ಅಲ್ಲಲ್ಲಿ ಕೊಳವೆ ಇಳಿಸಿ ಆಗಾಗ ಪರೀಕ್ಷಿಸುತ್ತಲೇ ಇರುತ್ತಾರೆ. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಅರ್ಧ ಹಾಸಿಗೆಗಳು ಖಾಲಿಯಾಗಿ, ಆ ಕೋಣೆಯನ್ನು ಏನು ಮಾಡುವುದೆಂದು ತಮ್ಮ ಕೇಳಿದಾಗ, ಡಾಕ್ಟರಮ್ಮ ಖಾಲಿ ಹಾಸಿಗೆಗಳ ನಡುವೆ ಓಡಾಡಿ, "ಸ್ವಲ್ಪ ದಿನ ಹಾಗೇ ಬಿಡು. ನೋಡ್ಕೊಂಡು ಇರ್ತೀನಿ," ಅಂದರಂತೆ.

ಮೀನಿನ ಮನೆಯ ಸುತ್ತ ಮೊಣಕಾಲೆತ್ತರದ ಗೋಡೆಗಳು ಹಾಗೇ ಇವೆ. ಮೇಲೊಂದು ಚಾವಣಿ ಬಂದಿದೆ. ಪಕ್ಕದಲ್ಲೇ ಕಸ ವಿಂಗಡಿಸುವ ಕೇಂದ್ರ. ಊರಿನ ಕಸ ಈಗ ಬೆಳಿಗ್ಗೆ ಬಂದು ಸಂಜೆಯೊಳಗೆ ಎಲ್ಲೆಲ್ಲಿಗೋ ಹೊರಟುಹೋಗುತ್ತದೆ, ಗುಡ್ಡವಾಗಲು ಅದಕ್ಕೆ ಪುರುಸೊತ್ತಿಲ್ಲ. ಅಲ್ಲಿಯ ಆಡಳಿತ ಕಬ್ಬಿಣದಕ್ಕನದು. ಗಂಟಲು ಹಾಗೇ ಇದೆ.

ಕಸದ ಗುಡ್ಡವಿರುವ ಬೇರೆ ಊರುಗಳವರನ್ನು ಪ್ರತಿಷ್ಠಾನ ಆಗಾಗ ಕರೆತರುತ್ತದೆ. ಮೊನ್ನೆಯೂ ಒಂದು ಬಸ್ಸು ಬಂದಿತ್ತು. ಅದರಿಂದಿಳಿದ ಹೆಂಗಸೊಬ್ಬಳು ಸುತ್ತಲಿನ ಹುಲ್ಲನ್ನೂ, ಸಾಲು ಸಸಿಗಳನ್ನೂ ನೋಡಿ ನಂಬಲಿಲ್ಲ. ಅವಳ ಉಗುರುಗಳಲ್ಲಿ ಕಬ್ಬಿಣದಕ್ಕನಿಗೆ ಚೆನ್ನಾಗಿ ಗೊತ್ತಿರುವ ಕಪ್ಪು ಇತ್ತು.

"ಸುಮ್ನೆ ಹೇಳ್ತೀರಾ ಅಕ್ಕಾ. ಎಲ್ಲಿತ್ತು ಗುಡ್ಡ?"

"ಇಲ್ಲೇ. ನಿನ್ನ ಮೇಲೆ."

"ನೀವು ಕೆಲಸ ಮಾಡ್ತಿದ್ದಿದ್ದು ಎಲ್ಲಿ ಹಾಗಾದ್ರೆ?"

ಕಬ್ಬಿಣದಕ್ಕ ಕತ್ತೆತ್ತಿ ಜಾಗ ಹುಡುಕಿ, ಬೆರಳು ಮಾಡಿ ತೋರಿಸಿದಳು. ಬಸ್ಸಿನವರೆಲ್ಲ ಕೈಯನ್ನು ಹಣೆಗೆ ಅಡ್ಡ ಹಿಡಿದು ಅತ್ತ ನೋಡಿದರು. ಅಲ್ಲಿ, ಬಹಳ ಎತ್ತರದಲ್ಲಿ, ಬರೀ ಬೆಳಕಿನಲ್ಲಿ, ಕೊಕ್ಕರೆಗಳ ಸಾಲೊಂದು ಯಾವ ಅಡೆತಡೆಯೂ ಇಲ್ಲದೆ ನೆಟ್ಟಗೆ ಹಾದುಹೋಗುತ್ತಿತ್ತು.